ಟೈಮ್‌ಟೇಬಲ್ ಹಾಕಿದ ಮೂರನೇ ದಿನಕ್ಕೇ ಮುರಿಯುತ್ತೆ, ಏನು ಮಾಡಲಿ?

ಪ್ರಶ್ನೆ: ನನಗೆ 32 ವರ್ಷ. ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. ವಿಧಾನಸೌಧದ ಹತ್ತಿರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ದಿನಾ ರೈಲಿನಲ್ಲಿ ಓಡಾಟ. ಮನೆಯಲ್ಲಿ ಗಂಡ, ಅತ್ತೆ, ಯುಕೆಜಿ ಓದುವ ಮಗ. ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪರೀಕ್ಷೆ ಬರೆಯಬೇಕು ಅನ್ನೋದು ಕಾಲೇಜು ದಿನಗಳ ಆಸೆ. ಇದರ ಜೊತೆಗೆ ದೂರಶಿಕ್ಷಣದಲ್ಲಿ ಎಂ.ಎ. ಇತಿಹಾಸಕ್ಕೆ ಸೇರಿದ್ದೇನೆ, ಒಂದು ವರ್ಷ ಮುಗಿದಿದೆ. ಕಾರು ಕಲಿಯಲು ಎಲ್‌ಎಲ್‌ಆರ್ ಮಾಡಿಸಿದ್ದೇನೆ, ಅದರ ಅವಧಿ ಮುಗಿಯುತ್ತಾ ಬಂದಿದೆ. ಡಾಕ್ಟರು ದಿನಾ ನಡೀರಿ ಅಂದಿದ್ದಾರೆ. ದಿನಕ್ಕೆ ಆರು ಗಂಟೆ ಓದುವ ಟೈಮ್‌ಟೇಬಲ್ ಹಾಕುತ್ತೇನೆ, ಮೂರು ದಿನ ನಡೆಯುತ್ತೆ, ಆಮೇಲೆ ಬಿದ್ದುಹೋಗುತ್ತೆ. ರಾತ್ರಿ ಹನ್ನೆರಡೂವರೆಗೆ ಮಲಗಿ ಐದೂವರೆಗೆ ಏಳುತ್ತೇನೆ. ಯಾವುದನ್ನು ಮೊದಲು ಮಾಡಲಿ? ಟೈಮ್‌ಟೇಬಲ್‌ಗೆ ಒಳ್ಳೆಯ ಆಪ್ ಯಾವುದು?

ಉತ್ತರ: ನಿಮ್ಮ ಕಾಗದ ಓದಿ ಮೊದಲು ಕೂಡಿಸಿ ಕಳೆಯೋ ಲೆಕ್ಕ ಮಾಡಿದೆ. ಮನೋಬಲ, ಶಿಸ್ತು ಅದೆಲ್ಲ ಆಮೇಲೆ ನೋಡೋಣ.

ವಾರಕ್ಕೆ 168 ಗಂಟೆ. ನಿದ್ದೆಗೆ ದಿನಕ್ಕೆ ಏಳರಂತೆ 49 ತೆಗೆಯಿರಿ. ನೀವು ಐದೇ ಗಂಟೆ ಮಲಗುತ್ತಿದ್ದೀರಿ, ಗೊತ್ತು. ಆದರೆ ನಾನು ಬೇಕಂತಲೇ ಏಳು ಹಿಡಿದಿದ್ದೇನೆ. ಏಳೂವರೆಗೆ ಮನೆ ಬಿಟ್ಟು ರಾತ್ರಿ ಏಳೂಮುಕ್ಕಾಲಿಗೆ ವಾಪಸ್ ಅಂತ ಬರೆದಿದ್ದೀರಿ, ಅಂದರೆ ದಿನಕ್ಕೆ ಹನ್ನೆರಡು ಕಾಲು ಗಂಟೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರೋದರಿಂದ ಒಂದು ವಾರ ಐದು ದಿನ, ಇನ್ನೊಂದು ವಾರ ಆರು ದಿನ. ಸರಾಸರಿ 67 ಗಂಟೆ. ಅಡುಗೆ, ಮಗು, ಬಟ್ಟೆ, ಭಾನುವಾರದ ಉಜ್ಜೋದು ತಿಕ್ಕೋದು ಎಲ್ಲ ಸೇರಿ ಕಡಿಮೆ ಅಂದರೂ 34. ಸ್ನಾನ, ಊಟ, ಅಮ್ಮನಿಗೆ ಫೋನು, ಇದಕ್ಕೆಲ್ಲ 7. ಕಳೆದರೆ ಉಳಿಯೋದು 11 ಗಂಟೆ. ಬೆಳಗ್ಗೆ ತುಮಕೂರಿನಲ್ಲೇ ಹತ್ತೋದರಿಂದ ನಿಮಗೆ ಸೀಟು ಸಿಗುತ್ತೆ, ಹಾಗಾಗಿ ರೈಲಿನಲ್ಲಿ ಕೆಲಸದ ದಿನಕ್ಕೆ ಸಿಗುವ ಒಂದೊಂದು ಗಂಟೆಯನ್ನೂ ಸೇರಿಸಿದರೆ 16. ಸಂಜೆ ರೈಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯಶವಂತಪುರದಲ್ಲಿ ನುಗ್ಗುವ ಜನರ ನಡುವೆ ಒಂಟಿಕಾಲಲ್ಲಿ ನಿಂತು ಯಾರೂ ಸಂವಿಧಾನ ಓದಲ್ಲ.

ಈ 16ರಲ್ಲಿ ಜ್ವರ, ನೆಂಟರು, ಲೇಟಾದ ರೈಲು ಒಂದಿಷ್ಟು ತಿನ್ನುತ್ತೆ. ನಿಜವಾಗಿ ಕೈಗೆ ಸಿಗೋದು ಸುಮಾರು 13 ಗಂಟೆ. ನಿಮ್ಮ ಟೈಮ್‌ಟೇಬಲ್ ಕೇಳುತ್ತಿರೋದು 42. ಮೂರು ದಿನ ನಡೆಸಿದಿರಲ್ಲ, ಅದೇ ಆಶ್ಚರ್ಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದುಡ್ಡಿನ ವಿಷಯದಲ್ಲಿ ಎಲ್ಲರೂ ಹೇಳುತ್ತಾರೆ, ಗಂಟೆಗಳ ವಿಷಯದಲ್ಲಿ ಯಾರೂ ಹೇಳಲ್ಲ.

ಹೀಗೆ ಜಾಸ್ತಿ ಬರೆದುಕೊಳ್ಳೋದು ನಿಮ್ಮೊಬ್ಬರ ದೋಷ ಅಂದುಕೊಳ್ಳಬೇಡಿ. 1979ರಲ್ಲಿ ಡ್ಯಾನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು ಇದಕ್ಕೊಂದು ಹೆಸರನ್ನೇ ಇಟ್ಟರು, ಯೋಜನೆಯ ಭ್ರಮೆ ಅಂತ. 1994ರಲ್ಲಿ ಕೆನಡಾದ ಸಂಶೋಧಕರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೆಟ್ಟು ಕೂತರೆ ಎಷ್ಟಾಗಬಹುದು ಅಂದಿದ್ದಕ್ಕೆ ಸುಮಾರು 49 ದಿನ ಅಂದರು. ಆಗಿದ್ದು 55 ದಿನಕ್ಕೂ ಜಾಸ್ತಿ. ಕೆಟ್ಟದ್ದನ್ನೇ ಊಹಿಸಿ ಅಂದಾಗಲೂ ಜನ ಕಡಿಮೆ ಹೇಳಿದರು ನೋಡಿ. ನಾನೂ ಅಷ್ಟೇ. ಕೆಲಸದಲ್ಲಿರುವ ಅಭ್ಯರ್ಥಿಗಳಿಗೆ ಅಂತ ಒಂದು ಪಾಠಮಾಲೆಯನ್ನು ಯುಗಾದಿಗೆ ಮುಗಿಸುತ್ತೇನೆ ಅಂದಿದ್ದೆ, ಮುಗಿದಾಗ ಬೀದಿಯಲ್ಲಿ ಗಣಪತಿ ಕೂರಿಸಿದ್ದರು. ಅಲ್ಲಿಂದೀಚೆಗೆ ಎಷ್ಟು ದಿನ ಬೇಕು ಅಂತ ಮನಸ್ಸು ಹೇಳುತ್ತೋ ಅದಕ್ಕೆ ಅರ್ಧ ಸೇರಿಸುತ್ತೇನೆ. ಅದರಲ್ಲೂ ಕೆಲವೊಮ್ಮೆ ತಪ್ಪುತ್ತೇನೆ.

ಇನ್ನು ಯಾವುದು ಮೊದಲು ಅನ್ನೋ ಪ್ರಶ್ನೆ. ವಾರಕ್ಕೆ 13 ಗಂಟೆಯಲ್ಲಿ ನಾಲ್ಕು ಗುರಿ ಹಿಡಿಯಲ್ಲ. ನೀವು ಪಟ್ಟಿ ಮಾಡುವಾಗ ನಾಲ್ಕಕ್ಕೂ ಒಂದೊಂದು ನಂಬರು ಕೊಟ್ಟು ಎಲ್ಲವನ್ನೂ ಇಟ್ಟುಕೊಂಡಿದ್ದೀರಿ. ಆದ್ಯತೆ ಅಂದರೆ ಸಾಲಾಗಿ ನಿಲ್ಲಿಸೋದು ಅಂತ ತುಂಬಾ ಜನ ತಿಳಿದಿದ್ದಾರೆ. ಸಾಲಿನಿಂದ ಕೆಲವನ್ನು ಈ ವರ್ಷಕ್ಕೆ ಮನೆಗೆ ಕಳಿಸದಿದ್ದರೆ ಅದು ಬರೀ ಪಟ್ಟಿ. ಹಾಗಾಗಿ ಒಂದೊಂದನ್ನೇ ಎದುರಿಗೆ ಕೂರಿಸಿ ನೋಡೋಣ.

ಮೊದಲು ಎಲ್‌ಎಲ್‌ಆರ್. ಅದು ಆರು ತಿಂಗಳಿಗೆ ಮುಗಿಯುತ್ತೆ. ಕೊನೆಯ ತಿಂಗಳು ಹತ್ತಿರ ಬಂದ ಹಾಗೆ ನಿಮ್ಮ ತಲೆಯಲ್ಲಿ ಅದೇ ದೊಡ್ಡದಾಗಿ ಕಾಣುತ್ತಿದೆ, ಅಲ್ವಾ? ಆದರೆ ಮುಗಿದರೆ ಏನಾಗುತ್ತೆ? ಇನ್ನೊಂದು ಮಾಡಿಸಿದರಾಯ್ತು, ಸ್ವಲ್ಪ ಫೀಸು ಹೋಗುತ್ತೆ. ಆ ಫೀಸು ಉಳಿಸೋಕೆ ನೀವು ಇಪ್ಪತ್ತು ಬೆಳಗ್ಗೆಗಳನ್ನು ಡ್ರೈವಿಂಗ್ ಸ್ಕೂಲಿಗೆ ಕೊಡಲು ಹೊರಟಿದ್ದೀರಿ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಒಂದು ಭಾಷಣದಲ್ಲಿ, ಹಿಂದಿನ ಒಬ್ಬ ಕಾಲೇಜು ಮುಖ್ಯಸ್ಥರ ಮಾತು ಅಂತ ಹೇಳಿ, ತುರ್ತಿನದು ಬೇರೆ ಮುಖ್ಯವಾದದ್ದು ಬೇರೆ ಅಂದಿದ್ದರು. ಕೆಲಸಗಳನ್ನು ತುರ್ತು, ಮುಖ್ಯ ಅಂತ ಹಂಚಲು ಈಗ ಎಲ್ಲ ಟ್ರೈನಿಂಗ್‌ನಲ್ಲೂ ತೋರಿಸುವ ನಾಲ್ಕು ಚೌಕದ ಚಿತ್ರ ಆಮೇಲೆ ಬಂದದ್ದು. ನನಗೆ ಆ ಚಿತ್ರದ ಮೇಲೆ ಅಂಥ ಪ್ರೀತಿಯಿಲ್ಲ. ಕೂತು ಚೌಕ ತುಂಬಿಸಿದರೆ ಎಲ್ಲ ಕೆಲಸವೂ ತುರ್ತೂ ಹೌದು ಮುಖ್ಯವೂ ಹೌದು ಅನ್ನೋ ಮೂಲೆಗೆ ಬಂದು ಬೀಳುತ್ತೆ. ಅದರ ಬದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಆರು ತಿಂಗಳು ಮುಟ್ಟದೆ ಬಿಟ್ಟರೆ ನಷ್ಟ ಎಷ್ಟು? ಕಾರಿನದು ಕೆಲವು ನೂರು ರೂಪಾಯಿ. ಬಿಡಿ ಅದನ್ನು.

ಎಂ.ಎ. ಸ್ವಲ್ಪ ಕಷ್ಟದ್ದು, ಯಾಕಂದರೆ ದುಡ್ಡು ಕಟ್ಟಿದ್ದೀರಿ, ಒಂದು ವರ್ಷ ಬೆವರೂ ಸುರಿಸಿದ್ದೀರಿ. ಆದರೆ ಕೆಎಎಸ್‌ಗೆ ಕೂರಲು ಯಾವುದಾದರೂ ಒಂದು ಪದವಿ ಸಾಕು. ಎಂ.ಎ. ಇದ್ದರೆ ಒಂದು ಅಂಕವೂ ಜಾಸ್ತಿ ಸಿಗಲ್ಲ. ಇತಿಹಾಸ ಓದಿದ್ದು ಪರೀಕ್ಷೆಗೂ ಉಪಯೋಗ ಆಗುತ್ತೆ ಅಂತ ನೀವು ಬರೆದಿದ್ದೀರಿ. ಅರ್ಧ ನಿಜ. ಎಂ.ಎ. ಉತ್ತರ ಹತ್ತು ಪುಟ ಬರೆಯೋದು, ಕೆಎಎಸ್‌ನ ಮೊದಲ ಹಂತವಾದ ಪ್ರಿಲಿಮ್ಸ್ ಒಂದು ವೃತ್ತ ತುಂಬೋದು. ಎರಡಕ್ಕೂ ಓದುವ ರೀತಿ ಬೇರೆ. ಕೋರ್ಸ್ ಮುಗಿಸಲು ಗರಿಷ್ಠ ಎಷ್ಟು ವರ್ಷ ಅವಕಾಶ ಇದೆ ಅಂತ ನಿಮ್ಮ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್‌ನಲ್ಲಿ ಇವತ್ತೇ ನೋಡಿ. ಅವಕಾಶ ಇದ್ದರೆ ಎರಡನೇ ವರ್ಷವನ್ನು ಮುಂದೆ ಹಾಕಿ. ಇಲ್ಲವಾದರೆ ಉಲ್ಟಾ ಮಾಡಿ: ಈ ವರ್ಷ ಎಂ.ಎ. ಮುಗಿಸಿ, ಕೆಎಎಸ್ ಮುಂದಕ್ಕೆ. ಎರಡನ್ನೂ ಒಂದೇ ವರ್ಷ ಎಳೆದವರು ಕೊನೆಗೆ ಎರಡಕ್ಕೂ ಅರ್ಧ ಓದಿ ಕೂತಿದ್ದನ್ನು ನಾನು ಬಹಳ ನೋಡಿದ್ದೇನೆ.

ನಡಿಗೆಯನ್ನು ಮಾತ್ರ ಬಿಡಬೇಡಿ. ಆದರೆ ಅದಕ್ಕೆ ಬೇರೆ ಗಂಟೆಯೂ ಬೇಡ. ಮೆಜೆಸ್ಟಿಕ್‌ನಿಂದ ಮೆಟ್ರೋ ಹತ್ತಿ ವಿಧಾನಸೌಧ ಸ್ಟೇಷನ್‌ನಲ್ಲಿ ಇಳಿಯುತ್ತೀರಿ. ಒಂದು ಸ್ಟೇಷನ್ ಮೊದಲೇ, ಸೆಂಟ್ರಲ್ ಕಾಲೇಜಿನ ಹತ್ತಿರ ಇಳಿದು ನಡೆಯಿರಿ. ಸಂಜೆಯೂ ಅಲ್ಲಿವರೆಗೆ ನಡೆದು ಹತ್ತಿ. ಮಳೆಗಾಲದಲ್ಲಿ ಕೊಡೆ ಹಿಡಿದೇ ಹೋಗಿ. ಟ್ರ್ಯಾಕ್ ಸೂಟ್ ಹಾಕಿ ಪಾರ್ಕಿಗೆ ಹೋದರೆ ಮಾತ್ರ ವಾಕಿಂಗ್ ಅಂತ ಡಾಕ್ಟರು ಹೇಳಿರಲಾರರು.

ಈಗ ಉಳಿದದ್ದು ಕೆಎಎಸ್ ಒಂದೇ. 13 ಗಂಟೆ ಪೂರ್ತಿ ಅದರದ್ದು. ವರ್ಷದಲ್ಲಿ 45 ವಾರ ಹೀಗೆ ನಡೆದರೂ 585 ಗಂಟೆ ಆಗುತ್ತೆ. ಬಿಡಿಸಿ ನೋಡಿದಾಗ ಅಷ್ಟೇನೂ ಚಿಕ್ಕದಲ್ಲ.

ಆದರೆ ಇದರೊಳಗೂ ಆದ್ಯತೆ ಬೇಕು. ಕಾಗದದ ಜೊತೆ ನೀವು ಕಳಿಸಿದ ಒಂದು ದಿನದ ದಿನಚರಿಯಲ್ಲಿ ಹೀಗಿದೆ: ರಾತ್ರಿ 9.30ರಿಂದ 10.40, ಟೆಲಿಗ್ರಾಂ ಗ್ರೂಪಿನಲ್ಲಿ ಬಂದ ಪ್ರಚಲಿತ ವಿದ್ಯಮಾನದ ಪಿಡಿಎಫ್. 10.40ರಿಂದ 11.15, ಇನ್ನೊಂದು ಗ್ರೂಪಿನ ಪಿಡಿಎಫ್, ಹೆಚ್ಚು ಕಮ್ಮಿ ಅದೇ. 11.15ರಿಂದ ಗಣಿತ, ಪಕ್ಕದಲ್ಲಿ ‘ನಿದ್ದೆ ಬಂತು’ ಅಂತ ಬರೆದಿದ್ದೀರಿ. ಪ್ರಾಮಾಣಿಕವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್, ಯಾಕಂದರೆ ನಿಮ್ಮ ಕಷ್ಟ ಪೂರ್ತಿ ಆ ಮೂರು ಸಾಲಿನಲ್ಲಿದೆ. ಸುಲಭವಾದದ್ದು ಮತ್ತು ಹೊಸದಾಗಿ ಬಂದದ್ದು ಮೊದಲು. ಬರದೇ ಇರೋದು ಕೊನೆಗೆ, ಕಣ್ಣು ಮುಚ್ಚುವ ಹೊತ್ತಿಗೆ.

ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ, ಒಂದೊಂದರಲ್ಲಿ 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ. ಮೊದಲ ಪತ್ರಿಕೆಯಲ್ಲಿ ಇತಿಹಾಸ, ಭೂಗೋಳ, ಸಂವಿಧಾನದಂಥ ಮಾನವಿಕ ವಿಷಯಗಳಿಗೇ 60 ಪ್ರಶ್ನೆ. ಎರಡನೆಯದರಲ್ಲಿ ರಾಜ್ಯಕ್ಕೆ ಸಂಬಂಧಿಸಿದ್ದು 40, ವಿಜ್ಞಾನ ಮತ್ತು ಪರಿಸರ 30, ಮಾನಸಿಕ ಸಾಮರ್ಥ್ಯ 30. ನೀವು ‘ಗಣಿತ’ ಅಂತ ಬರೆದು ಹೆದರಿರೋದು ಈ ಕೊನೆಯ 30ಕ್ಕೆ. ಅದು 60 ಅಂಕ. ಎಸ್ಸೆಸ್ಸೆಲ್ಸಿ ಮಟ್ಟದ ಲೆಕ್ಕ, ಸಿಲಬಸ್ ಚಿಕ್ಕದು, ವರ್ಷದಿಂದ ವರ್ಷಕ್ಕೆ ಬದಲಾಗಲ್ಲ, ಒಮ್ಮೆ ಕೈಗೆ ಬಂದರೆ ಮರೆಯಲ್ಲ. ಪ್ರಚಲಿತ ವಿದ್ಯಮಾನ ಹಾಗಲ್ಲ. ಇವತ್ತು ಓದಿದ್ದು ಆರು ತಿಂಗಳಿಗೆ ಹಳಸುತ್ತೆ. ಒಂದು ಗಂಟೆ ಹಾಕಿದರೆ ಯಾವುದು ಜಾಸ್ತಿ ವಾಪಸ್ ಕೊಡುತ್ತೆ ಅಂತ ನೀವೇ ಹೇಳಿ. ಪಿಡಿಎಫ್ ಗ್ರೂಪುಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವುಗಳಿಂದ ಹೊರಗೆ ಬನ್ನಿ. ಒಂದೇ ಪತ್ರಿಕೆ, ಅದೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಸಾಕು.

ಪ್ರಿಲಿಮ್ಸ್ ದಾಟಿದವರು ಬರೆಯುವ ಮೇನ್ಸ್‌ನ ಪ್ರಬಂಧ ಮತ್ತು ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ ಸೇರಿ 1250 ಅಂಕ. ಅದರ ಚಿಂತೆ ಈಗ ವಾರಕ್ಕೆ ಒಂದು ಉತ್ತರ ಬರೆಯುವಷ್ಟಿರಲಿ. ಕೈ ಬರೆಯೋದನ್ನು ಮರೆಯಬಾರದು, ಅಷ್ಟೇ.

ಈಗ ಆ ಗಂಟೆಗಳನ್ನು ದಿನದಲ್ಲಿ ಎಲ್ಲಿ ಇಡೋದು? ನಿಮ್ಮ ರಾತ್ರಿ ಓದನ್ನು ನಿಲ್ಲಿಸಿ ಅಂತ ಹೇಳುತ್ತೇನೆ. ಬೆಳಗ್ಗೆ ಐದಕ್ಕೆ ಎದ್ದವನೇ ಜೀವನದಲ್ಲಿ ಗೆಲ್ಲೋದು ಅನ್ನೋ ಮಾತಲ್ಲಿ ನನಗೆ ನಂಬಿಕೆಯಿಲ್ಲ. ರಾತ್ರಿ ಒಂದರ ತನಕ ಓದಿ ಪಾಸಾದವರೂ ಇದ್ದಾರೆ. ನೋಡಬೇಕಾದ್ದು ಇಷ್ಟೇ: ಮನೆಯಲ್ಲಿ ಯಾರೂ ನಿಮ್ಮನ್ನು ಕರೆಯದ, ನಿಮ್ಮ ತಲೆಯೂ ಎಚ್ಚರವಾಗಿರುವ ಹೊತ್ತು ಯಾವುದು? ನಿಮ್ಮ ದಿನಚರಿ ಪ್ರಕಾರ ರಾತ್ರಿ ಹತ್ತೂವರೆ ಆದಮೇಲೆ ಓದಿದ ಯಾವ ಪುಟವೂ ಮರುದಿನ ನೆನಪಿಲ್ಲ. ಹಾಗಾದರೆ 9.45ಕ್ಕೆ ಮಲಗಿ 4.45ಕ್ಕೆ ಏಳಿ. ಏಳು ಗಂಟೆ ನಿದ್ದೆ ಆಯ್ತು. ಮುಖ ತೊಳೆದು ಕಾಫಿ ಕುಡಿದು ಐದರಿಂದ ಆರೂಕಾಲು. ಈ 75 ನಿಮಿಷಕ್ಕೆ ಅತಿ ಕಷ್ಟದ್ದು ಮಾತ್ರ. ಮೊದಲ ಎರಡು ತಿಂಗಳು ಬರೀ ಮಾನಸಿಕ ಸಾಮರ್ಥ್ಯ, ವಾರಕ್ಕೆ ನಾಲ್ಕು ದಿನ. ಐದನೇ ದಿನ ಮಾನವಿಕ. ಕೆಲಸದ ಆರನೇ ದಿನ ಇದ್ದರೆ ಅವತ್ತು ಮಲಗಿ. ನೀರು ಬಿಡುವ ದಿನ ಮೋಟಾರು, ಡ್ರಮ್ಮು ಅಂತ ಓಡಾಟ ಇರುತ್ತೆ, ಆ ದಿನವನ್ನು ಮೊದಲೇ ಲೆಕ್ಕದಿಂದ ತೆಗೆದಿಡಿ.

ಇಲ್ಲೊಂದು ತೊಡಕಿದೆ. ಈಗ ನೀವು ಐದೂವರೆಯಿಂದ ಏಳೂವರೆವರೆಗೆ ಎರಡು ಗಂಟೆ ಮನೆಕೆಲಸ ಮಾಡುತ್ತೀರಿ. ಆರೂಕಾಲಿಗೆ ಪುಸ್ತಕ ಮುಚ್ಚಿದರೆ ಒಂದೂಕಾಲು ಗಂಟೆಯಷ್ಟೇ ಸಿಗೋದು. 45 ನಿಮಿಷದ ಕೆಲಸ ಎಲ್ಲಿಗೆ ಹೋಗಬೇಕು? ಅದನ್ನು ಯಾವ ಪ್ಲಾನಿಂಗೂ ಮಾಯ ಮಾಡಲ್ಲ. ಇನ್ನೊಬ್ಬರು ಮಾಡಬೇಕು. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ ಅಂತ ಬಂದಿತ್ತು. ಇದೂ, ಮನೆಕೆಲಸಕ್ಕೆ ಕೈ ಹಾಕುವ ಗಂಡಸರನ್ನು ಮಾತ್ರ ಎಣಿಸಿದ ಲೆಕ್ಕ. ಟೈಮ್ ಮ್ಯಾನೇಜ್‌ಮೆಂಟ್ ಅಂತ ನಿಮಗೆ ಹೇಳುವ ಮಾತುಗಳಲ್ಲಿ ಅರ್ಧದಷ್ಟನ್ನು ನಿಮ್ಮ ಯಜಮಾನರಿಗೆ ಹೇಳಬೇಕು.

‘ಸ್ವಲ್ಪ ಹೆಲ್ಪ್ ಮಾಡ್ರೀ’ ಅಂದರೆ ಎರಡು ದಿನ ನಡೆಯುತ್ತೆ. ಕೆಲಸದ ಹೆಸರು ಹೇಳಿ ಒಪ್ಪಿಸಿ. ಮಗನನ್ನು ಎಬ್ಬಿಸೋದು, ಸ್ನಾನ, ಯೂನಿಫಾರ್ಮ್, ಟಿಫನ್ ಬಾಕ್ಸ್ ತುಂಬಿ ಬ್ಯಾಗಿಗೆ ಇಡೋದು. ಹೆಚ್ಚು ಕಮ್ಮಿ 45 ನಿಮಿಷ. ಪೂರ್ತಿ ಅವರದ್ದು, ವಾರಪೂರ್ತಿ ಅವರದ್ದು. ಮೊದಲ ವಾರ ಸಾಕ್ಸ್ ಜೋಡಿ ತಪ್ಪುತ್ತೆ, ಡಬ್ಬಿಯಲ್ಲಿ ಚಮಚ ಇರಲ್ಲ. ನೀವು ರೂಮಿನಿಂದ ಎದ್ದು ಬಂದು ಸರಿ ಮಾಡಬೇಡಿ. ಒಂದು ಸಲ ಎದ್ದು ಬಂದಿರೋ, ಆ ಕೆಲಸ ವಾಪಸ್ ನಿಮ್ಮ ಹೆಗಲಿಗೆ ಬಂತು ಅಂತಲೇ ಅರ್ಥ.

ರೈಲಿನ ಒಂದು ಗಂಟೆಗೆ ಹೊಸ ಪಾಠ ಇಟ್ಟುಕೊಳ್ಳಬೇಡಿ. ಪಕ್ಕದವರ ಮಾತು, ಕಡ್ಲೆಕಾಯಿ ಮಾರೋರು, ಫೋನಿನಲ್ಲಿ ಜೋರಾಗಿ ಹಾಕಿದ ಸೀರಿಯಲ್ಲು, ಇದರ ನಡುವೆ ಹೊಸದು ತಲೆಗೆ ಹೋಗಲ್ಲ. ಹಿಂದಿನ ದಿನ ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಸಂಶೋಧಕರು ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಲು ಹೇಳಿದರು, ಇನ್ನೊಂದು ಗುಂಪಿಗೆ ಪಾಠ ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಒಂದು ವಾರದ ನಂತರ ಮತ್ತೆ ಓದಿದವರಿಗೆ 42ರಷ್ಟು ಪಾಲು ನೆನಪಿತ್ತು, ಬರೆದವರಿಗೆ 56ರಷ್ಟು. ಹಾಗಾಗಿ ಬೆಳಗ್ಗೆ ಪುಸ್ತಕ ಮುಚ್ಚುವ ಮುಂಚೆ ಒಂದು ಚೀಟಿಯಲ್ಲಿ ಹತ್ತು ಪ್ರಶ್ನೆ ಬರೆದು ಪರ್ಸಿಗೆ ಹಾಕಿ. ಉತ್ತರ ಬರೆಯಬೇಡಿ. ರೈಲು ಕ್ಯಾತ್ಸಂದ್ರ ದಾಟಿದ ಕೂಡಲೇ ಚೀಟಿ ಹೊರಗೆ. ಚಿಕ್ಕಬಾಣಾವರ ಬಂದಾಗ ಒಳಗೆ. ನಡುವೆ ದಾಬಸ್‌ಪೇಟೆ ತನಕ ಫೋನ್ ನೋಡೋಣ ಅನ್ನೋ ಒಪ್ಪಂದ ಬೇಡ.

ಕ್ಯಾತ್ಸಂದ್ರ ಅಂತ ಸ್ಟೇಷನ್ ಹೆಸರು ಹಿಡಿದು ಹೇಳಿದ್ದಕ್ಕೆ ಕಾರಣ ಇದೆ. ‘ರೈಲಿನಲ್ಲಿ ಓದುತ್ತೇನೆ’ ಅಂದರೆ ಯಾವಾಗ ಶುರು ಅಂತ ದಿನಾ ಮನಸ್ಸಿನ ಜೊತೆ ಚೌಕಾಸಿ ಮಾಡಬೇಕು. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಗಂಟು ಹಾಕಿಟ್ಟವರು ಹೆಚ್ಚು ಸಲ ಮಾಡಿ ಮುಗಿಸುತ್ತಾರೆ ಅನ್ನೋದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದಲೂ ತೋರಿಸುತ್ತಾ ಬಂದಿದ್ದಾರೆ. ನಮ್ಮಜ್ಜಿಯರು ದೀಪ ಹಚ್ಚಿದ ಮೇಲೆ ಮಗ್ಗಿ ಹೇಳು ಅನ್ನುತ್ತಿದ್ದರಲ್ಲ, ಅದೂ ಇದೇ.

ಮತ್ತೊಂದು ವಿಷಯ. ಪರೀಕ್ಷೆಯ ದಿನಾಂಕ ಗೋಡೆಗೆ ಅಂಟಿಸಿ ಅಲ್ಲಿಂದ ಹಿಂದಕ್ಕೆ ದಿನ ಎಣಿಸುವ ಟೈಮ್‌ಟೇಬಲ್ ನಿಮಗೆ ಬೇಡ. ಆ ದಿನಾಂಕ ನಿಮ್ಮ ಕೈಯಲ್ಲಿಲ್ಲ. 2024ರ ಆಗಸ್ಟ್ 27ಕ್ಕೆ ಪ್ರಿಲಿಮ್ಸ್ ನಡೆಯಿತು, ಕನ್ನಡ ಅನುವಾದದ ತಪ್ಪುಗಳಿಂದ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯ್ತು. ಆಗಸ್ಟ್‌ಗೆ ಅಂತಲೇ ನಿದ್ದೆಗೆಟ್ಟು ಓಡಿದವರಲ್ಲಿ ಎಷ್ಟೋ ಜನ ಡಿಸೆಂಬರ್ ಹೊತ್ತಿಗೆ ಸುಸ್ತಾಗಿದ್ದರು. ವಾರಕ್ಕೆ 13 ಗಂಟೆ ಅನ್ನೋದು ದಿನಾಂಕ ಬದಲಾದರೂ ಬದಲಾಗಲ್ಲ. ಅಧಿಸೂಚನೆ ಬಂದಮೇಲೆ ಕೊನೆಯ ಆರು ವಾರಕ್ಕೆ ಗಳಿಕೆ ರಜೆ ಹಾಕಿ ಏರಿಸಿಕೊಳ್ಳಬಹುದು. ಆ ರಜೆಯನ್ನು ಈಗ ಸುಮ್ನೆ ಒಂದೊಂದೇ ಖರ್ಚು ಮಾಡಬೇಡಿ.

ಟೈಮ್‌ಟೇಬಲ್ ಮುರಿದಾಗ ಏನು ಮಾಡೋದು? ಮುರಿದೇ ಮುರಿಯುತ್ತೆ. ನೀವು ಈವರೆಗೆ ಮಾಡುತ್ತಿದ್ದದ್ದು, ಮಂಗಳವಾರ ತಪ್ಪಿದ್ದನ್ನು ಬುಧವಾರಕ್ಕೆ ಸೇರಿಸೋದು, ಬುಧವಾರದ್ದು ಎರಡು ಪಾಲಾಗಿ ಗುರುವಾರ ಕೈಚೆಲ್ಲೋದು. ಮೂರನೇ ದಿನದ ರಹಸ್ಯ ಅದೇ. ಬಾಕಿ ಹೊರಬೇಡಿ. ತಪ್ಪಿದ ಮಂಗಳವಾರ ಹೋಯ್ತು, ಬುಧವಾರ ಬುಧವಾರದ್ದನ್ನೇ ಮಾಡಿ. ಏನು ಉಳಿಯಿತು ಅಂತ ಭಾನುವಾರ ಸಂಜೆ ಇಪ್ಪತ್ತು ನಿಮಿಷ ಕೂತು ನೋಡಿ, ಆಗ ಬೇಕಾದರೆ ಮುಂದಿನ ವಾರದಲ್ಲಿ ಜಾಗ ಮಾಡಿ. ಹಬ್ಬದ ವಾರ, ನಾದಿನಿ ಮದುವೆ ವಾರ, ಮಗನಿಗೆ ಜ್ವರ ಬಂದ ವಾರ, ಇವನ್ನು ‘ಸಣ್ಣ ವಾರ’ ಅಂತ ಬರೆದುಕೊಳ್ಳಿ. ಸಣ್ಣ ವಾರದಲ್ಲಿ ದಿನಕ್ಕೆ ಐದು ಲೆಕ್ಕ, ಅಷ್ಟು ಮಾಡಿದರೆ ಆ ವಾರ ಪಾಸು. ವರ್ಷಕ್ಕೆ 45 ವಾರ ಅಂತ ಹಿಡಿದಾಗಲೇ ಇದಕ್ಕೆಲ್ಲ ಜಾಗ ಬಿಟ್ಟಿದ್ದೇನೆ, ಹಾಗಾಗಿ ಮದುವೆಗೆ ಹೋಗಿ ಹೋಳಿಗೆ ತಿಂದು ಬನ್ನಿ. ಮೂಲೆಯಲ್ಲಿ ಪಿಡಿಎಫ್ ತೆರೆದು ಕೂರಬೇಡಿ.

ಕೊನೆಗೆ ಆಪ್ ಬಗ್ಗೆ. ಯಾವುದೂ ಬೇಡ. ಆಪ್ ತೆರೆಯಲು ಫೋನ್ ಹಿಡಿಯುತ್ತೀರಿ, ಫೋನ್ ಹಿಡಿದರೆ ಟೆಲಿಗ್ರಾಂ ಅಲ್ಲೇ ಇದೆ. ಒಂದು ಉದ್ದನೆ ನೋಟ್‌ಬುಕ್ ತಗೊಳ್ಳಿ. ಭಾನುವಾರ ಎಡಗಡೆ ಪುಟದಲ್ಲಿ ಮಾಡಬೇಕಾದ್ದು, ದಿನಾ ಬಲಗಡೆ ಪುಟದಲ್ಲಿ ಆದದ್ದು, ನಿಮಿಷದ ಲೆಕ್ಕ ಸಮೇತ. ‘ನಿದ್ದೆ ಬಂತು’ ಅಂತ ಬರೆಯೋದನ್ನು ಮಾತ್ರ ಬಿಡಬೇಡಿ, ನನಗೆ ಅತಿ ಉಪಯೋಗಕ್ಕೆ ಬಂದದ್ದು ಅದೇ. ಎಂಟು ವಾರ ಆದಮೇಲೆ ಹಳೆಯ ಪ್ರಶ್ನೆಪತ್ರಿಕೆಯ ಮಾನಸಿಕ ಸಾಮರ್ಥ್ಯದ 30 ಪ್ರಶ್ನೆಗಳನ್ನು ಗಡಿಯಾರ ಇಟ್ಟು ಬಿಡಿಸಿ, ಎಷ್ಟು ಸರಿ ಬಂತು ಅಂತ ಬರೆಯಿರಿ. ಸಾಕ್ಸ್ ಜೋಡಿ ಈಗ ಸರಿ ಬರುತ್ತಿದೆಯಾ ಅನ್ನೋದನ್ನೂ.